ಒದ್ದೆ ಹೊಟ್ಟು

೧೯೬೧ರ ಏಪ್ರಿಲ್ ೧೮, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕ್ಯಾಂಟೀನಿನಲ್ಲಿ ಮುತ್ಯಾಲಮ್ಮನ ಹಾಲು ಎರಡನೆಯ ಸಲ ಒಡೆಯಿತು. ಕ್ಯಾಂಟೀನು ನಡೆಸುವ ಪೆರುಮಾಳ್ ಪಾತ್ರೆ ಬಾಗಿಸಿ ತೋರಿಸಿದ.

“ಇನ್ನೊಂದ್ಸಲ ಇಂಗಾದ್ರೆ ನಿಮ್ಮ ಹಾಲು ಬೇಡ ಅಕ್ಕಾ. ಶಿಫ್ಟ್ ಬಿಟ್ಟು ಬರೋರಿಗೆ ಟೀ ಬದ್ಲು ಮಜ್ಜಿಗೆ ಉಯ್ಲಾ?”

ಬೂದಿಕೋಟೆಯಲ್ಲಿ ಆರು ಎಮ್ಮೆ ಕಟ್ಟಿದ್ದ ಆಕೆಗೆ ದಿನವೂ ಹಾಲು ಹಾಕಲು ಇದ್ದದ್ದು ಇದೊಂದೇ ವರ್ತನೆ. ಸಂಜೆ ಕರೆದ ಹಾಲು ಬೆಳಗಿನ ಬಸ್ಸಿನವರೆಗೆ ಕೆಡದಿರಲೆಂದು ಐಸಿನ ಪೆಟ್ಟಿಗೆ ಮಾಡಿಕೊಟ್ಟವನು ನಾನು, ಅಲ್ಲಿನ ಶಾಲೆಯ ವಿಜ್ಞಾನದ ಮೇಷ್ಟ್ರು. ಮರದ ಎರಡು ಗೋಡೆಗಳ ನಡುವೆ ನಾಲ್ಕು ಅಂಗುಲ ಭತ್ತದ ಹೊಟ್ಟು ತುಂಬಿದ್ದೆ. ಲೆಕ್ಕದ ಪ್ರಕಾರ ಬಂಗಾರಪೇಟೆಯಿಂದ ಸಂಜೆ ತಂದ ಐಸು ಬೆಳಗಾದರೂ ಉಳಿಯಬೇಕಿತ್ತು.

ಅಂದು ಅವಳ ಜೊತೆ ಹೋಗಿದ್ದ ನಾನು ಊರಿಗೆ ಮರಳಿ ಪೆಟ್ಟಿಗೆಯ ಒಂದು ಹಲಗೆ ಕಿತ್ತು ನೋಡಿದೆ. ಹೊಟ್ಟು ತೊಯ್ದು ತೊಪ್ಪೆಯಾಗಿತ್ತು.

“ನಾನೇ ನೀರು ಉಯ್ದಿದ್ದು,” ಎಂದಳು ಮುತ್ಯಾಲಮ್ಮ. “ದಿನಾ ಎರಡು ಚೆಂಬು. ಮಡಕೆ ಒದ್ದೆಯಾಗಿದ್ರೆ ತಾನೇ ನೀರು ತಣ್ಣಗಿರೋದು? ಬೀಎಸ್ಸಿ ಓದಿದೋರಿಗೆ ಅಷ್ಟೂ ಗೊತ್ತಿಲ್ವಾ ಮೇಷ್ಟ್ರೇ?”

ಮಡಕೆಯ ತೇವ ಗಾಳಿಗೆ ಆರಿಹೋಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಹಲಗೆಗಳ ನಡುವಿನ ತೇವ ಎಲ್ಲಿಗೆ ಹೋಗಬೇಕು? ಶಾಖವನ್ನು ತಡೆಯುವುದು ಹೊಟ್ಟಿನೊಳಗೆ ಸಿಕ್ಕಿಕೊಂಡ ಗಾಳಿ. ಆ ಜಾಗಕ್ಕೆ ನೀರು ಹೊಕ್ಕರೆ ಶಾಖಕ್ಕೆ ದಾರಿ ಸಲೀಸು. ಇದನ್ನೆಲ್ಲ ಹೇಳಿದೆ.

“ಬಾಯ್ಮಾತು ಬೇಡ. ತೋರ್ಸಿ.”

ಮಾರನೆಯ ದಿನ ಎರಡು ಸೀಮೆಎಣ್ಣೆ ಡಬ್ಬಗಳಿಗೆ ಐದೈದು ಕಿಲೋ ಐಸು ತುಂಬಿ, ಒಂದರ ಸುತ್ತ ಒಣ ಹೊಟ್ಟು, ಇನ್ನೊಂದರ ಸುತ್ತ ಒದ್ದೆ ಹೊಟ್ಟು ಒತ್ತಿದೆ. ಕರಗಿದ ನೀರು ಹಿಡಿಯಲು ತಳದ ತೂತಿನ ಕೆಳಗೆ ಶಾಲೆಯ ಅಳತೆ ಜಾಡಿ ಇಟ್ಟೆ. ಮೊದಲ ಎರಡು ಗಂಟೆಯ ನೀರನ್ನು ಚೆಲ್ಲಿದೆ. ಆಗ ಹೊಟ್ಟು ಇನ್ನೂ ತಣಿಯುತ್ತಿದ್ದುದರಿಂದ ಆ ಅಳತೆ ಲೆಕ್ಕಕ್ಕೆ ಬಾರದು. ಆಮೇಲೆ ಪ್ರತಿ ಗಂಟೆಗೂ ಹೆಚ್ಚುಕಡಿಮೆ ಅಷ್ಟಷ್ಟೇ: ಒಣದ್ದರಲ್ಲಿ ಎಂಬತ್ತೈದು ಮಿಲಿಲೀಟರ್, ಒದ್ದೆಯದರಲ್ಲಿ ಮುನ್ನೂರ ನಲವತ್ತು. ಮುತ್ಯಾಲಮ್ಮ ಸಂಜೆ ನಾಲ್ಕರವರೆಗೂ ಜಾಡಿಗಳ ಮುಂದಿನಿಂದ ಕದಲಲಿಲ್ಲ.

“ನಾಕರಷ್ಟು,” ಎಂದಳು ಕೊನೆಗೆ. ಎದ್ದು ಹೋಗಿ ಪೆಟ್ಟಿಗೆಯ ಹೊಟ್ಟನ್ನೆಲ್ಲ ಅಂಗಳಕ್ಕೆ ಸುರಿದಳು.

ಶುಕ್ರವಾರದವರೆಗೂ ಕ್ಯಾಂಟೀನಿಗೆ ಹಾಲು ಕಳಿಸಲಿಲ್ಲ. ಉರಿಬಿಸಿಲಿನಲ್ಲಿ ಹೊಟ್ಟು ಹರವಿ, ಗಂಟೆಗೊಮ್ಮೆ ಕೈಯಾಡಿಸಿದಳು. ಮಗಳು ಕೈಹಾಕಲು ಬಂದರೆ, “ನಾನು ಕೆಡಿಸಿದ್ದು, ನಾನೇ ಒಣಗಿಸ್ತೀನಿ, ಓಗು,” ಎಂದಳು. ಐಸಿನ ನೀರು ಹೊಟ್ಟಿಗೆ ಇಳಿಯದಂತೆ ನಾನು ಪೆಟ್ಟಿಗೆಯ ಒಳಸಂದುಗಳಿಗೆ ಮೇಣ ತುಂಬಿದೆ.

ಶನಿವಾರ ಪೆಟ್ಟಿಗೆಯ ಜೊತೆ ಇಬ್ಬರೂ ಬಸ್ಸು ಹತ್ತಿದೆವು. ಪೆರುಮಾಳ್ ಒಂದು ಸೇರು ಹಾಲನ್ನು ಒಲೆಗಿಟ್ಟ. ಮುತ್ಯಾಲಮ್ಮ ಪಾತ್ರೆಯಿಂದ ಕಣ್ಣು ಕೀಳಲಿಲ್ಲ. ಹಾಲು ಉಕ್ಕಿತು, ಒಡೆಯಲಿಲ್ಲ.

“ಸರಿ ಅಕ್ಕಾ, ನಾಳೆಯೂ ತನ್ನಿ.”

ಕ್ಯಾನಿನಲ್ಲಿ ಉಳಿದ ಹಾಲಿಗೆ ನಾನು ಥರ್ಮಾಮೀಟರ್ ಇಳಿಸಿದೆ; ಹತ್ತು ಡಿಗ್ರಿಯೊಳಗಿದ್ದರೆ ಹಾಲು ರಾತ್ರಿ ಕಳೆದರೂ ಕೆಡದು.

“ಜ್ವರ ನೋಡ್ತೀರಾ ಸಾರ್?” ಎಂದು ಪೆರುಮಾಳ್ ನಕ್ಕ.

“ನೋಡ್ಲಿ ಬಿಡಪ್ಪಾ,” ಎಂದಳು ಮುತ್ಯಾಲಮ್ಮ.

ಎರಡು ನಿಮಿಷ ಹಿಡಿದು ಓದಿದೆ: ಒಂಬತ್ತು ಡಿಗ್ರಿ ಸೆಂಟಿಗ್ರೇಡ್.