ತುರುಬಿನಲ್ಲಿ ಬಂದ ಬಳ್ಳಿ

ಪ್ರತಿ ವರ್ಷ ಮರಗಳು ಚಿಗುರಿದ ಮೇಲಿನ ಮೊದಲ ಬುಧವಾರ ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ರಜೆ ಹಾಕುತ್ತೇನೆ. ರೋಗಿಗಳ ಸರದಿ ಬರೆಯುವವಳೇ ಇಲ್ಲದಿದ್ದರೆ ಹಲ್ಲುನೋವೂ ಒಂದು ದಿನ ಕಾಯುತ್ತದೆ. ಅಂದು ಅತ್ತೆ ಮತ್ತು ನಾನು ಸಸ್ಯೋದ್ಯಾನಕ್ಕೆ ಹೋಗುವ ದಿನ. ಅತ್ತೆಗೆ ಎಪ್ಪತ್ತೆಂಟು. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಮುದ್ರೆ ಒತ್ತಿ ನಿವೃತ್ತರಾದವರು. ಗೇಟಿನವನು ಟಿಕೆಟ್ಟಿನ ಮೇಲೆ ಸೊಟ್ಟಗೆ ಮುದ್ರೆ ಹಾಕಿದರೆ ಈಗಲೂ ಇನ್ನೊಮ್ಮೆ ಒತ್ತಿಸಿಕೊಳ್ಳುತ್ತಾರೆ.

ಗೇಟಿನ ಪಕ್ಕದ ಫಲಕವನ್ನು ಮಾತ್ರ ಇಬ್ಬರೂ ನೋಡದವರಂತೆ ದಾಟುತ್ತೇವೆ. 'ಗಿಡದ ಯಾವುದೇ ಭಾಗ ಕಿತ್ತವರಿಗೆ ಮತ್ತೆ ಪ್ರವೇಶವಿಲ್ಲ.' ನೋಡದಿರುವುದಕ್ಕೆ ಕಾರಣವಿದೆ.

ನಾನು ಆ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಅತ್ತೆ ನನ್ನೊಡನೆ ಮಾತಾಡಿದರೆ ಕೌಂಟರಿನ ಆಚೆಯಿಂದ ಮಾತಾಡಿದಂತಿರುತ್ತಿತ್ತು. ಅಂಥವರು ಒಂದು ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಹೂ ನೋಡ್ಕೊಂಡು ಬರೋಣ ಬಾ. ಕೂದಲು ದಪ್ಪಕ್ಕೆ ತುರುಬು ಕಟ್ಕೋ" ಎಂದರು. ಉದ್ಯಾನದ ಗಾಜಿನ ಮನೆಯಲ್ಲಿ ಒಂದು ಬಳ್ಳಿ ಹೂಬಿಟ್ಟಿತ್ತು. ಸಣ್ಣ ಸಣ್ಣ ನಕ್ಷತ್ರಗಳನ್ನು ಮೇಣದಲ್ಲಿ ಅಚ್ಚು ಹೊಯ್ದು ಗೊಂಚಲು ಕಟ್ಟಿದ ಹಾಗೆ. ಅತ್ತೆ ಅತ್ತಿತ್ತ ನೋಡಿ, "ತಲೆ ಬಗ್ಗಿಸು" ಎಂದರು. ಆಶೀರ್ವಾದ ಮಾಡುತ್ತಾರೇನೋ ಎಂದು ಬಗ್ಗಿದೆ. ಟಕ್ಕೆಂದು ಸದ್ದಾಯಿತು. ತುರುಬಿನೊಳಗೆ ಏನೋ ತಣ್ಣಗೆ ಇಳಿಯಿತು.

"ಅತ್ತೆ, ಕುತ್ತಿಗೆ ಮೇಲೆ ಏನೋ ಸೋರ್ತಿದೆ."

"ಬಳ್ಳಿ ಹಾಲು. ಸೋರ್ಲಿ. ನೀನು ನಗ್ತಾ ನಡಿ."

ಗೇಟು ದಾಟಿ ರಸ್ತೆ ತಿರುಗಿದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. ಅವರಿಗೆ ಹಾಗೆ ನಗಲು ಬರುತ್ತದೆಂದು ಆ ಮನೆಯಲ್ಲಿ ಬೇರೆ ಯಾರಿಗಾದರೂ ಗೊತ್ತಿತ್ತೋ ಇಲ್ಲವೋ. ನಾನು ನಿಜವಾಗಿ ಸೊಸೆಯಾದದ್ದು ಆ ದಿನವೇ; ಮದುವೆ ಬರೀ ಅರ್ಜಿ. ಅದಾಗಿ ಇಪ್ಪತ್ತಾರು ವರ್ಷ. ಆ ಬಳ್ಳಿಯ ತುಂಡು ಈಗ ಬೆಳೆದು ನಮ್ಮ ಹಿಂದಿನ ಕೋಣೆಯ ಕಿಟಕಿಯನ್ನು ಪೂರ್ತಿ ತಬ್ಬಿಕೊಂಡಿದೆ.

ಈ ಸಲ ಗಾಜಿನ ಮನೆಯಲ್ಲಿ ಆ ಬಳ್ಳಿಯ ಕುಂಡ ಖಾಲಿಯಿತ್ತು. ಮಣ್ಣಿಗೆ ಒಂದು ಚೀಟಿ ಸಿಕ್ಕಿಸಿದ್ದರು: 'ಈ ಬಳ್ಳಿ ಚಳಿಗಾಲದಲ್ಲಿ ಸತ್ತಿದೆ. ಇದೇ ಜಾತಿಯದು ಯಾರಲ್ಲಾದರೂ ಇದ್ದರೆ ದಯವಿಟ್ಟು ಕಚೇರಿಗೆ ತಿಳಿಸಿ.'

ಅತ್ತೆ ಅದನ್ನು ಎರಡು ಸಲ ಓದಿದರು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತರು.

"ಕೊಡೋಣ. ಆದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ."

"ನರ್ಸರೀಲಿ ತಗೊಂಡ್ವಿ ಅಂತ ಹೇಳಿದ್ರಾಯ್ತು ಅತ್ತೆ."

"ಸರ್ಕಾರಿ ಮುದ್ರೆ ಒತ್ತಿದ ಕೈ ಇದು. ಸುಳ್ಳು ಹೇಳ್ಲಾ?"

"ಕದೀಬಹುದಾ?"

"ಕದಿಯೋದು ಬೇರೆ, ಸುಳ್ಳು ಬೇರೆ. ಇಷ್ಟು ವರ್ಷ ನನ್ನ ಯಾರಾದ್ರೂ ಕೇಳಿದ್ರಾ? ಕೇಳಿದ್ರೆ ಹೇಳ್ತಿದ್ದೆ." ಕೋಲಿನ ತುದಿಯಿಂದ ನೆಲದ ಮೇಲೆ ಗೀಟು ಎಳೆದರು. "ನಿಜ ಹೇಳಿದ್ಮೇಲೆ ಇನ್ನು ಒಳಗೆ ಬಿಡಲ್ಲ ಅಂದ್ರೆ?"

ಮಾವ ಹೋದ ಮೇಲೆ ಅತ್ತೆ ತಾವಾಗಿ ಚಪ್ಪಲಿ ಮೆಟ್ಟಿ ಹೊರಡುವ ಜಾಗ ಇದೊಂದೇ. ಚಳಿಗಾಲವೆಲ್ಲ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದೇ ಈ ದಿನಕ್ಕಾಗಿ. ಒಂದು ಮಾತಿಗೆ ಅದು ಹೋಗಿಬಿಡಬಹುದಿತ್ತು.

"ನಡಿ ಹುಡುಗಿ" ಎಂದು ಎದ್ದರು. ನನಗೆ ಐವತ್ತು ತುಂಬಿದೆ.

ಕಚೇರಿಯಲ್ಲಿ ಉದ್ಯಾನದ ಮೇಲ್ವಿಚಾರಕಿ ಕೂತಿದ್ದಳು. ಚಿಕ್ಕ ವಯಸ್ಸು, ಉಗುರಿನಲ್ಲಿ ಮಣ್ಣು, ಮುಖದಲ್ಲಿ ನಿಯಮ. ಬಳ್ಳಿ ನಮ್ಮಲ್ಲಿದೆ ಎಂದದ್ದೇ ಕುರ್ಚಿಯಿಂದ ಎದ್ದಳು.

"ಹೌದಾ ಅಜ್ಜಿ? ಎಲ್ಲಿ ಸಿಕ್ತು ನಿಮಗೆ? ಮೂಲ ಎಲ್ಲಿಯದು ಅಂತ ದಾಖಲೆ ಮಾಡ್ಬೇಕು."

"ಇಲ್ಲೇ" ಎಂದರು ಅತ್ತೆ. "ನಿಮ್ಮ ಗಾಜಿನ ಮನೇಲಿ. ನಾನೇ ಕಿತ್ಕೊಂಡು ಹೋದೆ. ಇವಳಿಗೇನೂ ಗೊತ್ತಿಲ್ಲ, ಪಾಪ."

ಪಾಪವಂತೆ! ನನ್ನ ಮೈ ಉರಿದುಹೋಯಿತು. ನನ್ನನ್ನು ಉಳಿಸಲೆಂದೇ ಹಾಗೆಂದರೆಂದು ಗೊತ್ತಿತ್ತು. ಆದರೆ ನನ್ನ ಬಾಳಿನ ಒಂದೇ ಒಂದು ಕಳ್ಳತನದಿಂದ ನನ್ನನ್ನೇ ಹೊರಗಿಟ್ಟರೆ ನನಗುಳಿಯುವುದೇನು, ಹಲ್ಲಿನವರ ಸರದಿ ಪುಸ್ತಕವೇ?

"ನಾನೂ ಇದ್ದೆ ಮೇಡಂ" ಎಂದೆ. ದನಿ ಸ್ವಲ್ಪ ಜೋರಾಯಿತು. "ಕಿತ್ತಿದ್ದು ಅವರು, ಸಾಗಿಸಿದ್ದು ನಾನು."

ಅತ್ತೆ ತಿರುಗಿ ನನ್ನನ್ನು ನೋಡಿದರು. ಅದು ಸಿಟ್ಟಿನ ನೋಟವಾಗಿರಲಿಲ್ಲ.

ಮೇಲ್ವಿಚಾರಕಿ ಗಂಟಲು ಸರಿಮಾಡಿಕೊಂಡಳು. "ನೋಡಿ, ನಿಯಮ ಅಂದ್ರೆ ನಿಯಮ. ಕಿತ್ತವರನ್ನ ಮತ್ತೆ ಒಳಗೆ ಬಿಡೋ ಹಾಗಿಲ್ಲ."

"ಬಿಡ್ಬೇಡಿ. ಬಳ್ಳಿ ನಮ್ಮ ಕಿಟಕೀಲೇ ಇರ್ಲಿ. ನೀವೇ ಬಂದು ನೋಡ್ಕೊಂಡು ಹೋಗಿ, ಟಿಕೆಟ್ ಕೇಳಲ್ಲ." ಅತ್ತೆ ಕೋಲನ್ನು ಮೇಜಿಗೆ ಒರಗಿಸಿದರು. "ಅಲ್ಲಮ್ಮ, ದಿನಾ ನೀರು ಹಾಕಿದ್ರಿ ತಾನೆ? ಆ ಕುಂಡದ ಮಣ್ಣು ಈಗ್ಲೂ ಕೆಸರಾಗಿದೆ. ಬೇರು ಕೊಳೆಸಿ ಕೊಂದಿದ್ದೀರಿ. ಹೂ ಉದುರಿದ ತೊಟ್ಟನ್ನೂ ಕತ್ತರಿಸ್ತಿದ್ರೇನೋ?"

"ಹೌದು, ಚೊಕ್ಕವಾಗಿ ಕಾಣ್ಲಿ ಅಂತ..."

"ಅಯ್ಯೋ! ಮುಂದಿನ ವರ್ಷದ ಹೂ ಬರೋದೇ ಆ ತೊಟ್ಟಲ್ಲಿ! ಬಸಿರೀನ ಚೊಕ್ಕ ಮಾಡ್ತಾರಾ ಯಾರಾದ್ರೂ?"

ಹುಡುಗಿ ಕೆಂಪಾದಳು. ಪೆನ್ನು ತೆಗೆದುಕೊಂಡು ಬರೆದೇ ಬಿಟ್ಟಳು: ತೊಟ್ಟು ಕತ್ತರಿಸಬಾರದು. ಆಮೇಲೆ ಪೆನ್ನಿನಿಂದ ಗೇಟಿನ ಕಡೆ ತೋರಿಸಿ, "ಆ ಫಲಕ ಇರೋದು ನೋಡೋಕೆ ಬರೋರಿಗೆ" ಎಂದಳು. "ಕೆಲಸಕ್ಕೆ ಬರೋರಿಗಲ್ಲ. ಸಂಬಳ ಇಲ್ಲದ ಸೇವೆ ಇದೆ, ಬುಧವಾರ ಬುಧವಾರ. ನಿಮ್ಮ ಬಳ್ಳಿಯ ತುಂಡು ಇಲ್ಲಿ ಬೇರೂರೋವರೆಗೂ ನೀವೇ ನೋಡ್ಕೊಳ್ತೀರಾ?"

ಡ್ರಾಯರಿನಿಂದ ಒಂದು ಫಾರಂ ತೆಗೆದಳು.

ಅತ್ತೆ ಮುಟ್ಟಲಿಲ್ಲ. "ಇನ್ನೊಂದು?"

"ಇನ್ನೊಂದು ಯಾಕಜ್ಜಿ?"

"ಕೇಳಿಸ್ಲಿಲ್ವಾ? ಇವಳೂ ಕಳ್ಳಿ."

ಎರಡನೆಯದು ಬಂತು. ನಾನು ತುಂಬುವಷ್ಟರಲ್ಲಿ ಅತ್ತೆ ಅದನ್ನು ಎಳೆದುಕೊಂಡು ಕನ್ನಡಕ ಏರಿಸಿದರು. ಅನುಭವ ಎಂಬ ಕಡೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಸಾಗಾಣಿಕೆ. ಬುಧವಾರಗಳಿಗೆ ನನ್ನ ಡಾಕ್ಟರು ಏನೆನ್ನುತ್ತಾರೆಂದು ಯೋಚಿಸುತ್ತಲೇ ನಾನು ಅದರ ಕೆಳಗೆ ಸಹಿ ಹಾಕಿದೆ. ಮೇಲ್ವಿಚಾರಕಿ ಓದದೆ ಮುದ್ರೆ ಒತ್ತಿದಳು. ಸೊಟ್ಟಗೆ ಬಿತ್ತು. ಅತ್ತೆ ಇನ್ನೊಮ್ಮೆ ಒತ್ತಿಸಿಕೊಳ್ಳಲಿಲ್ಲ.