ಓದದೆ ಹಾಕಿದ ಸಹಿ

ನಮ್ಮ ಮನೆಯ ಮುಂದಿನ ಕೋಣೆ ಈಗ ಕನ್ನಡಕದ ಅಂಗಡಿ. ಸೋಫಾ ಇದ್ದ ಜಾಗದಲ್ಲಿ ಗಾಜು ಉಜ್ಜುವ ಯಂತ್ರ ಕೂತಿದೆ. ನಮ್ಮ ಮದುವೆಯ ಫೋಟೋ ಇದ್ದ ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ ತೂಗುತ್ತಿದೆ. ನಮ್ಮ ಯಜಮಾನರ ಅಕ್ಕ, ಭಾವ, ಅಕ್ಕನ ಅತ್ತೆ ಎಲ್ಲರೂ ಇಲ್ಲೇ ಇರುವುದರಿಂದ ಬೆಳಿಗ್ಗೆ ಬಚ್ಚಲಿಗೆ ಸರದಿ ನಿಲ್ಲಬೇಕು. ದಿನಕ್ಕೆ ಹತ್ತು ಸಲ ನಾನು ಸಿಡುಕಿದರೆ ಅಕ್ಕ ಹನ್ನೊಂದು ಸಲ ಸಿಡುಕುತ್ತಾಳೆ. ಆದರೂ ನಿಜ ಹೇಳಿಬಿಡುತ್ತೇನೆ, ಬಾಗಿಲ ಬಳಿ ಎಲ್ಲರ ಚಪ್ಪಲಿಗಳು ಒಟ್ಟಿಗೆ ಬಿದ್ದಿರುವುದನ್ನು ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಇದೆಲ್ಲ ಆದದ್ದು ಒಂದು ಸಹಿಯಿಂದ. ನಮ್ಮ ಯಜಮಾನರು ವಿದೇಶಾಂಗ ಇಲಾಖೆಯವರು, ಸಂಧಾನವೇ ಅವರ ಕಸುಬು. ಮನೆಯಲ್ಲಿ ನನಗೂ ಹಾಲಿನವನಿಗೂ ಜಗಳವಾದರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವ ಮನುಷ್ಯನನ್ನು ದೇಶದೇಶಗಳ ಜಗಳ ಬಿಡಿಸಲು ಯಾಕೆ ಕಳಿಸುತ್ತಿದ್ದರೋ, ದೇವರಿಗೇ ಗೊತ್ತು.

ಗಡಿಯಾಚೆಯ ಸರ್ವಾಧಿಕಾರಿಯನ್ನು ನಾವೆಲ್ಲ ಸರದಾರ ಎನ್ನುತ್ತಿದ್ದೆವು. ಅವನು ಯಾರಿಗೂ ಸೊಪ್ಪು ಹಾಕುವ ಆಸಾಮಿಯಲ್ಲ. ಮೊದಲು ಒಂದು ಸೇತುವೆ ನುಂಗಿದ, ನಮ್ಮವರೂ ಸೇರಿ ಏಳು ದೇಶದವರು ಸಭೆ ಸೇರಿದರು. ಆಮೇಲೆ ಒಂದು ಕಣಿವೆ ನುಂಗಿದ, ಮತ್ತೆ ಸಭೆ ಸೇರಿದರು. ಮೂರನೆಯ ಸಲ ಅವನ ಕಣ್ಣು ನದಿ ದಂಡೆಯ ಊರಿನ ಮೇಲೆ ಬಿತ್ತು. ಅಕ್ಕನ ಕನ್ನಡಕದಂಗಡಿ ಇದ್ದದ್ದು ಆ ಊರಿನಲ್ಲೇ.

ಆ ಸಲದ ಮಾತುಕತೆ ಮುಗಿಸಿ ಬಂದ ದಿನ ಇವರ ಮುಖ ನೋಡಬೇಕಿತ್ತು. ಬೂಟು ಬಿಚ್ಚುವುದಕ್ಕೂ ಪುರಸೊತ್ತಿಲ್ಲದೆ ಬಾಗಿಲಿನಿಂದಲೇ ಕೂಗಿದರು.

"ಸಹಿ ಹಾಕಿದ ಕಣೇ! ಆ ಊರಿನ ತಂಟೆಗೆ ಬರಲ್ಲ ಅಂತ ಬರೆದುಕೊಟ್ಟ!"

ಬೆಳಿಗ್ಗೆಯೇ ರೇಡಿಯೋದಲ್ಲಿ ಇವರ ದನಿ ಬಂದಿತ್ತು. ನದಿ ದಂಡೆಯ ಜನ ಹೆದರಬೇಕಾಗಿಲ್ಲ, ಯಾರೂ ಮನೆ ಬಿಡಬೇಕಾಗಿಲ್ಲ ಎಂದು ಹೇಳಿದ್ದರು. ಬೇರೆ ಯಾವ ಮಾತನ್ನೂ ಯಾರೂ ಆಡಕೂಡದು ಎಂದು ಇಲಾಖೆಯ ಕಟ್ಟಪ್ಪಣೆಯೂ ಇತ್ತು.

ನಾವು ಊಟಕ್ಕೆ ಕೂತಾಗ ಅಕ್ಕನ ಫೋನು ಬಂತು. ಅಕ್ಕನ ಗಂಟಲು ಹೇಗೆಂದರೆ, ಫೋನು ಇವರ ಕಿವಿಯಲ್ಲಿದ್ದರೂ ಅಡುಗೆಮನೆಯವರೆಗೆ ಕೇಳಿಸುತ್ತದೆ.

"ತಮ್ಮಾ, ನಿನ್ನ ದನಿ ಕೇಳಿ ಹೋದ ಜೀವ ಬಂತು ಕಣೋ. ಇಲ್ಲಿ ಬೀದಿಗೆ ಬೀದಿನೇ ಗಂಟುಮೂಟೆ ಕಟ್ಟಿತ್ತು, ಈಗ ಎಲ್ಲ ಬಿಚ್ತಾ ಇದಾರೆ. ನಾನೂ ಅಂಗಡಿಗೆ ಹೊಸ ಶೋಕೇಸ್ ಮಾಡಿಸೋಣ ಅಂತಿದೀನಿ. ಮಾಡಿಸ್ಲಾ?"

"ಧಾರಾಳವಾಗಿ ಮಾಡಿಸು. ಎಷ್ಟು ಸಲೀಸಾಗಿ ಸಹಿ ಹಾಕಿದ ಗೊತ್ತಾ? ನಾವು ಒಂದೊಂದು ಮಾತಿಗೂ ತಿಂಗಳುಗಟ್ಟಲೆ ಹೊಡೆದಾಡಿದ್ವಿ. ಅವನು ಒಂದನ್ನೂ ತಿದ್ದಲಿಲ್ಲ. ಓದೋಕ್ಕೂ ಹೋಗ್ಲಿಲ್ಲ!"

"ಓದ್ಲೇ ಇಲ್ವಾ?" ಎಂದಳು ಅಕ್ಕ. "ಹೋಗ್ಲಿ ಬಿಡು. ಅಕಸ್ಮಾತ್ ಮಾತು ಮುರಿದು ಬಂದೇಬಿಟ್ಟ ಅನ್ನು, ಆಗ ನೀವೇನ್ ಮಾಡ್ತೀರಿ?"

"ತಕ್ಷಣ ಸಭೆ ಸೇರ್ತೀವಿ."

"ಆಮೇಲೆ?"

"ತೀವ್ರವಾಗಿ ಖಂಡಿಸ್ತೀವಿ."

"ಆಮೇಲೆ?"

ಇವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಫೋನಿನ ಬಾಯಿಗೆ ಅಂಗೈ ಒತ್ತಿ ನನ್ನ ಕಡೆ ತಿರುಗಿದರು.

"ಅವನೂ ಇದನ್ನೇ ಕೇಳಿದ ಕಣೇ. ಬಿಸ್ಕತ್ತು ಕಡೀತಾ, ತಮಾಷೆ ಮಾಡೋನ ಥರ ಕೇಳಿದ. ನಾನು ಮಾತು ತಪ್ಪಿದ್ರೆ ನೀವೇನ್ ಮಾಡ್ತೀರಿ ಅಂದ. ನಮ್ಮ ಕಡೆಯವರಲ್ಲಿ ಒಬ್ಬರು ತುಂಬಾ ನೋವಾಗುತ್ತೆ ಅಂದ್ರು. ಇನ್ನೊಬ್ಬರಿಗೆ ಅವನ ಹತ್ರ ಕಲ್ಲಿದ್ದಲು ಕೊಳ್ಳೋದಿತ್ತು, ಕಿಟಕಿ ಕಡೆ ನೋಡಿದ್ರು. ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಆಮೇಲೇ ಪೆನ್ನು ತಗೊಂಡಿದ್ದು."

ನನಗೆ ಮೈಯೆಲ್ಲ ಉರಿದುಹೋಯಿತು.

"ಅಯ್ಯೋ ಪುಣ್ಯಾತ್ಮ! ಅದನ್ನ ನನ್ನ ಹತ್ರ ಹೇಳಿ ಏನು ಸುಖ? ಅಕ್ಕನಿಗೆ ಹೇಳ್ರೀ!"

"ಯಾರಾದ್ರೂ ಕೇಳಿಸ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ಅಕ್ಕ ಹೋದ್ರೆ ಏನ್ರೀ ಮಾಡ್ತೀರಿ? ಸಭೆ ಸೇರ್ತೀರಾ?"

ಇವರು ಕಣ್ಣು ಮುಚ್ಚಿ, ತೆರೆದು, ಫೋನಿನಿಂದ ಕೈ ತೆಗೆದರು.

"ಅಕ್ಕಾ, ಶೋಕೇಸ್ ಬೇಡ. ಈಗಲೇ ಹೊರಡು. ಬೀದಿಯೋರಿಗೂ ಹೇಳು. ರೇಡಿಯೋದಲ್ಲಿ ಹೇಳಿದ್ದನ್ನ ನಂಬಬೇಡಿ, ಹೇಳಿದವನೇ ಬೇಡ ಅಂದ ಅನ್ನು."

ಅಕ್ಕ ಅಷ್ಟು ಸುಲಭಕ್ಕೆ ಬಂದವಳಲ್ಲ. ಯಂತ್ರ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು, ತರಕಾರಿ ಲಾರಿಯಲ್ಲಿ ಮೂಟೆಗಳ ನಡುವೆ ಅದನ್ನು ಹೇರಿಸಿಕೊಂಡು, ಅದರ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಬಂದಳು. ಬೀದಿಯವರೂ ಬಹುಪಾಲು ಹೊರಟರು. ಒಂದು ವಾರ ಕಳೆದಿರಲಿಲ್ಲ, ಸರದಾರನ ಟ್ಯಾಂಕುಗಳು ನದಿ ದಾಟಿದವು. ಏಳು ದೇಶದವರು ತಕ್ಷಣ ಸಭೆ ಸೇರಿ ತೀವ್ರವಾಗಿ ಖಂಡಿಸಿದರು.

ಫೋನಿನ ವಿಷಯ ಇಲಾಖೆಗೆ ತಿಳಿಯಿತು. ಕೆಲಸ ಹೋಗಲಿಲ್ಲ, ಆದರೆ ಸಂಧಾನ ತಪ್ಪಿತು. ಈಗ ಔತಣಕೂಟಗಳಲ್ಲಿ ಯಾರನ್ನು ಯಾರ ಪಕ್ಕ ಕೂರಿಸಬೇಕೆಂದು ನೋಡಿಕೊಳ್ಳುತ್ತಾರೆ. ಸಂಜೆ ಬೇಗ ಬಂದು ಅಕ್ಕನಿಗೆ ಫ್ರೇಮು ಒರೆಸಿಕೊಡುತ್ತಾರೆ. ಇವರು ಇಷ್ಟು ನೆಮ್ಮದಿಯಿಂದ ಇದ್ದದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಒಂದು ಕನ್ನಡಕ ಮಾತ್ರ ಡ್ರಾಯರಿನಲ್ಲೇ ಉಳಿದಿತ್ತು. ಅದು ಆ ಊರಿನಲ್ಲಿ ಅಕ್ಕನ ಎದುರುಮನೆ ಮೇಷ್ಟ್ರು ಮಾಡಿಸಲು ಕೊಟ್ಟಿದ್ದು, ಇಲ್ಲಿಗೆ ಬಂದ ಮೇಲೆ ತಯಾರಾಗಿತ್ತು. ಹೊರಡುವಾಗ ಅಕ್ಕ ಎಷ್ಟು ಗೋಗರೆದರೂ ಅವರು ಜಪ್ಪಯ್ಯ ಎನ್ನಲಿಲ್ಲವಂತೆ. "ನಿನ್ನ ತಮ್ಮ ರೇಡಿಯೋದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದಾನಲ್ಲಮ್ಮ. ಫೋನಲ್ಲಿ ಏನೋ ಗಾಬರಿಗೆ ಅಂದಿರ್ತಾನೆ" ಎಂದು ಉಳಿದುಬಿಟ್ಟರಂತೆ. ಆ ಕನ್ನಡಕವನ್ನು ಇವರು ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ, ದಿನಾ ತಾವೇ ಒರೆಸಿಡುತ್ತಿದ್ದರು.

ಮೊನ್ನೆ ಸಂಜೆ ಯಾರೋ ಬಾಗಿಲು ತಟ್ಟಿದರು. ಇವರೇ ಹೋಗಿ ತೆಗೆದರು. ಹೊರಗೆ ಒಬ್ಬರು ಮುದುಕರು, ಅಕ್ಕ ಬರೆದುಕೊಟ್ಟಿದ್ದ ವಿಳಾಸದ ಚೀಟಿ ಒಂದು ಕೈಯಲ್ಲಿ, ಇನ್ನೊಂದರಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದರು. ಕೈಲಾಗದವರನ್ನೆಲ್ಲ ಸರದಾರನ ಸೈನಿಕರು ಗಡಿಯ ಈಚೆಗೆ ದಬ್ಬಿದ್ದರಂತೆ. ಹಳೆಯ ಕನ್ನಡಕ ಆ ಗದ್ದಲದಲ್ಲಿ ಒಡೆದುಹೋಗಿತ್ತು.

"ಬನ್ನಿ, ಯಾರು ಬೇಕಿತ್ತು?" ಎಂದರು ಇವರು.

ಮುದುಕರು ತಲೆ ಓರೆ ಮಾಡಿ ಆ ದನಿಯನ್ನು ಕೇಳಿಸಿಕೊಂಡರು.

"ರೇಡಿಯೋದಲ್ಲಿ ಮಾತಾಡಿದವರು ನೀವೇ ಅಲ್ವಾ?"

ಅವರಿಗೆ ಕಣ್ಣು ಕಾಣುತ್ತಿಲ್ಲ, ಇವರು ಅಲ್ಲ ಎಂದಿದ್ದರೂ ನಡೆಯುತ್ತಿತ್ತು.

"ಹೌದು ಮೇಷ್ಟ್ರೇ, ನಾನೇ."

ಅಕ್ಕ ಓಡಿಬಂದು ಮೇಷ್ಟ್ರ ಕಿವಿಗೆ ಕನ್ನಡಕ ಸಿಕ್ಕಿಸಿದಳು. ಮೇಷ್ಟ್ರು ಇವರನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು.

"ಒಳ್ಳೇ ದನಿಯಪ್ಪ ನಿಮ್ದು," ಎಂದರು. "ಯಾರಾದ್ರೂ ನಂಬ್ತಾರೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇವರು ಬಗ್ಗಿ, ಮೇಷ್ಟ್ರ ಕಾಲಿನ ಚಪ್ಪಲಿ ಬಿಚ್ಚಿ, ನಮ್ಮೆಲ್ಲರ ಚಪ್ಪಲಿಗಳ ಪಕ್ಕದಲ್ಲಿ ಇಟ್ಟರು.