ಕಾಶೆವ್ವನ ಎಡಗೈ

ಪಾರ್ಶ್ವವಾಯು ಕಾಶೆವ್ವನ ಮಾತು ಕಸಿದಿರಲಿಲ್ಲ. ನುಂಗುವುದಕ್ಕೂ ತೊಂದರೆ ಇರಲಿಲ್ಲ. ಬಿದ್ದುಹೋಗಿದ್ದು ಎಡಗೈ ಮತ್ತು ಎಡಗಾಲು. ಆದರೂ ಆಸ್ಪತ್ರೆಯಿಂದ ತೇರಗಾಂವದ ಮನೆಗೆ ಬಂದ ಮೇಲೆ ಆಕೆ ಊಟ ಮುಟ್ಟಲಿಲ್ಲ. ಗುಳಿಗೆ ನುಂಗಲೆಂದು ನಾಲ್ಕು ಗುಟುಕು ಹಾಲು, ಅಷ್ಟೇ. ಸೋಮವಾರದೊಳಗೆ ಊಟ ಹಿಡಿಯದಿದ್ದರೆ ಮೂಗಿಗೆ ಪೈಪು ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಕಾಶೆವ್ವನನ್ನು ನೋಡಿಕೊಳ್ಳಲು ದಾಂಡೇಲಿಯಿಂದ ಬಂದು ಆ ಮನೆಯಲ್ಲೇ ಉಳಿದಿದ್ದ ನರ್ಸ್ ರಾಜಶ್ರೀಗೆ ಕಾರಣ ಹೇಳಿದವಳು ಸೊಸೆ ಸುವರ್ಣಾ.

"ಪೂಜಿ ಆಗೋತನಕ ಅತ್ತಿ ಒಂದು ತುತ್ತೂ ಉಣ್ಣಂಗಿಲ್ರಿ ಸಿಸ್ಟರ್. ಇಷ್ಟಲಿಂಗ ಎಡಗೈಯಾಗ ಇಟ್ಕೊಂಡು ಪೂಜಿ ಮಾಡಬೇಕು. ಆ ಕೈನ ಮುಷ್ಟಿ ಕಟ್ಟೈತಿ."

"ಬಲಗೈಯಾಗ ಇಟ್ಕೊಂಡ್ರ?"

"ಹಂಗಂದಿದ್ದಕ್ಕ ನಿನ್ನೆಯಿಂದ ನನ್ನ ಕೂಡ ಮಾತು ಬಿಟ್ಟಾರ."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಕಾಶೆವ್ವ ಹೇಳಿದಳು: "ಕೈ ಹೋಗೈತಿ, ಕಿವಿ ಹೋಗಿಲ್ಲ."

ರಾಜಶ್ರೀಗೆ ತನ್ನ ಅಜ್ಜಿ ಮಾಲವ್ವ ನೆನಪಾದಳು. ಅಜ್ಜ ದಾಂಡೇಲಿಯ ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದವನು. ಕ್ವಾರ್ಟರ್ಸಿನ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿ ಪೂಜೆಗೆ ಕೂತರೆ, ಶಾಲೆಯ ಸಮವಸ್ತ್ರದಲ್ಲಿ ರಾಜಶ್ರೀ ಪಕ್ಕದಲ್ಲಿ ಕಾಯುತ್ತಿದ್ದಳು. ಕಿಟಕಿಯಿಂದ ಮಿಲ್ಲಿನ ವಾಸನೆ, ಒಳಗೆ ವಿಭೂತಿಯ ವಾಸನೆ. ಪೂಜೆ ಮುಗಿಸಿ ಅಜ್ಜಿ ಹಣೆಗೆ ವಿಭೂತಿ ಹಚ್ಚಿ, ಎಡಗೈಯಿಂದ ಕೆನ್ನೆ ಸವರುತ್ತಿದ್ದಳು. ಲಿಂಗಕ್ಕೆ ಎರೆದ ನೀರಿನಿಂದ ಆ ಅಂಗೈ ತಣ್ಣಗಿರುತ್ತಿತ್ತು. ಆ ತಂಪನ್ನು ಕೆನ್ನೆಯ ಮೇಲೆ ಇಟ್ಟುಕೊಂಡೇ ಅವಳು ಶಾಲೆಗೆ ಓಡುತ್ತಿದ್ದಳು.

ಕಾರಣ ತಿಳಿದ ದಿನವೇ ರಾಜಶ್ರೀ ಕಾಶೆವ್ವನ ಕೈಗೆ ಉಪಚಾರ ಶುರುಮಾಡಿದಳು. ಬಿಗಿದ ಮುಷ್ಟಿಯನ್ನು ಎಳೆದು ಬಿಡಿಸಬಾರದು. ಕೈಯನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದರೆ ಬೆರಳು ತಾವೇ ಸಡಿಲವಾಗುತ್ತವೆ. ಆಮೇಲೆ ಹೆಬ್ಬೆರಳು, ಆಮೇಲೆ ಉಳಿದವು. ಹೊತ್ತು ಹೊತ್ತಿಗೆ ಇದನ್ನೇ ಮಾಡಿದಳು. ಭಾನುವಾರದ ಹೊತ್ತಿಗೆ ಅಂಗೈ ಬಟ್ಟಲಿನಂತೆ ತೆರೆಯಿತು. ಪರೀಕ್ಷಿಸಲು ರಾಜಶ್ರೀ ಅದರಲ್ಲಿ ಒಂದು ಅಡಿಕೆ ಇಟ್ಟಳು. ಕೈ ವಾಲಿತು. ಅಡಿಕೆ ಉರುಳಿ ಮಂಚದ ಕೆಳಗೆ ಹೋಯಿತು.

"ನೋಡಿದ್ಯಾ?" ಎಂದಳು ಕಾಶೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಅಡಿಕಿ ಇತ್ತು. ಲಿಂಗ ಬಿದ್ದಿದ್ರ? ಈ ವಯಸ್ಸಿಗೆ ಲಿಂಗ ನೆಲಕ್ಕ ಕೆಡವಿ ನಾ ಎಲ್ಲಿಗೆ ಹೋಗ್ಲಿ? ಪೈಪ್ ಹಾಕ್ರಿ, ಸಾಕು."

ರಾಜಶ್ರೀ ಬಗ್ಗಿ ಅಡಿಕೆ ಹುಡುಕಿ ತಂದಳು. ಈ ಸಲ ತನ್ನ ಅಂಗೈಯನ್ನು ಕಾಶೆವ್ವನ ಅಂಗೈಯ ಕೆಳಗಿಟ್ಟು ಆಧಾರ ಕೊಟ್ಟಳು. ಅಡಿಕೆ ಅಲುಗಲಿಲ್ಲ.

"ಲಿಂಗ ನಾ ಮುಟ್ಟಂಗಿಲ್ಲ ಅಜ್ಜಿ. ನಿಮ್ಮ ಕೈಯಷ್ಟ ಹಿಡೀತೇನಿ."

ಕಾಶೆವ್ವ ಆ ಎರಡು ಕೈಗಳನ್ನೇ ನೋಡಿದಳು.

"ನಮ್ಮವ್ವ ಹಿಂಗ ಹಿಡಿದಿದ್ಳು" ಎಂದಳು. "ಲಿಂಗದೀಕ್ಷಾ ಆದಾಗ ಭಾಳ ಸಣ್ಣಾಕಿ ಇದ್ದೆ. ಕೈ ಗಡಗಡ ನಡಗತಿತ್ತು. ಬೀಳಸ್ತೇನಿ ಅಂತ ಅಳಾಕತ್ತಿದ್ದೆ. ಅವ್ವ ಸುಮ್ಮನ ಬಂದು ಕೆಳಗ ಕೈ ಕೊಟ್ಳು. ಮುಂದ ಕೂತಿದ್ದ ಸ್ವಾಮಿಗಳು ನೋಡಿ ನಕ್ಕರು, ಬ್ಯಾಡ ಅನ್ನಲಿಲ್ಲ." ಆಮೇಲೆ ಕರೆದಳು: "ಸುವರ್ಣಾ, ಮುಂಜಾನೆ ಪೂಜಿಗೆ ಬಿಲ್ವಪತ್ರಿ ತರಸು."

ಸೊಸೆಯೊಂದಿಗೆ ಮುರಿದಿದ್ದ ಮಾತು ಅಲ್ಲಿಗೆ ಕೂಡಿತು.

ಸೋಮವಾರ ಬೆಳಿಗ್ಗೆ ಮೈ ಒರೆಸಿ, ಬೆನ್ನಿಗೆ ದಿಂಬು ಕೊಟ್ಟು ಕಾಶೆವ್ವನನ್ನು ಕೂರಿಸಿದರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಮುಚ್ಚಳವನ್ನು ಸುವರ್ಣಾ ತೆಗೆದಳು. ಕಾಶೆವ್ವ ಬಲಗೈಯಿಂದ ಲಿಂಗವನ್ನು ಎತ್ತಿ ಎಡ ಅಂಗೈಯಲ್ಲಿಟ್ಟುಕೊಂಡಳು. ಕೈ ಒಮ್ಮೆ ವಾಲಿತು. ಕೆಳಗಿದ್ದ ರಾಜಶ್ರೀಯ ಕೈ ಅದನ್ನು ತಡೆಯಿತು. ಕಾಶೆವ್ವ ನೀರೆರೆದಳು, ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು. ಸೋರಿದ ನೀರು ಅವಳ ಬೆರಳ ಸಂದಿಯಿಂದ ಇಳಿದು ರಾಜಶ್ರೀಯ ಅಂಗೈಯಲ್ಲಿ ನಿಂತಿತು. ತಣ್ಣಗಿತ್ತು.

ಮಗ ಲೋಕೇಶ ಕೈಯಲ್ಲಿ ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದ. "ಡಾಕ್ಟರಿಗೆ ಏನಂತ ಹೇಳ್ಲಿರಿ ಸಿಸ್ಟರ್?"

ರಾಜಶ್ರೀ ಸ್ವಲ್ಪ ತಡೀರಿ ಎಂಬಂತೆ ತಲೆಯಾಡಿಸಿದಳು. ಪೂಜೆ ಮುಗಿದು ಲಿಂಗ ಕರಡಿಗೆ ಸೇರಿದ ಮೇಲೆ ಸುವರ್ಣಾ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ತಂದಳು. ಕಾಶೆವ್ವ ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

"ಏ ಲೋಕ್ಯಾ, ಪೈಪ್ ಬ್ಯಾಡಂತ ಹೇಳು" ಎಂದಳು. "ಹಂಗ ನಿನ್ನ ಹೆಂಡತಿಗೂ ಹೇಳು, ನುಚ್ಚಿಗೆ ಉಪ್ಪು ಹಾಕ್ಯಾಳೋ ಇಲ್ಲೋ ನೋಡಂತ."

ಸುವರ್ಣಾ ಉಪ್ಪು ತರಲು ಒಳಗೆ ಹೋದಳು. ರಾಜಶ್ರೀ ಒದ್ದೆ ಅಂಗೈಯನ್ನು ಒರೆಸಿಕೊಳ್ಳದೆ ಕೆನ್ನೆಗೆ ಒತ್ತಿಕೊಂಡು, ಎರಡನೆಯ ತುತ್ತಿಗೆ ಚಮಚ ಎತ್ತಿಕೊಂಡಳು.